ಅಂಗಳದ ದೋಣಿಗೆ ಹೊಸ ರಬ್ಬರ್ ಪಟ್ಟಿ

ದೋಣಿ ಇಟ್ಟುಕೊಂಡವರಲ್ಲಿ ಎರಡು ಜಾತಿ ಎನ್ನುತ್ತಾರೆ. ದೋಣಿಯನ್ನು ನೀರಿಗೆ ಇಳಿಸುವವರು ಒಂದು ಜಾತಿ, ಇಳಿಸುತ್ತೇನೆ ಇಳಿಸುತ್ತೇನೆ ಎಂದು ಹೇಳುತ್ತಲೇ ಇರುವವರು ಇನ್ನೊಂದು. ನಾನು ಎರಡನೆಯ ಜಾತಿಯವನು ಎಂದು ನಮ್ಮ ಬೀದಿಯವರು ತೀರ್ಮಾನಿಸಿಬಿಟ್ಟಿದ್ದರು. ಅದು ತಪ್ಪು. ನನ್ನದು ಮೂರನೆಯ ಜಾತಿ. ನಾನು ದೋಣಿಯಲ್ಲಿ ಮಲಗುವವನು.

ನಮ್ಮ ಅಂಗಳದ ಮರದ ಕೆಳಗೆ ಇಟ್ಟಿಗೆಗಳ ಮೇಲೆ ಕೂತಿರುವ ಈ ಫೈಬರ್ ದೋಣಿ ನನ್ನ ಮಾವನವರದು. ನನ್ನ ಮದುವೆಗಿಂತ ಹಳೆಯದು. ಮದುವೆಯ ಹಾಗೆಯೇ ಅಲ್ಲಲ್ಲಿ ಬಣ್ಣ ಹೋಗಿದ್ದರೂ ತಳ ಗಟ್ಟಿಯಾಗಿದೆ. ವಯಸ್ಸಾಯಿತು ಎಂದು ಅದನ್ನು ನಮ್ಮಲ್ಲಿ ತಂದು ಬಿಟ್ಟಾಗ ಮಾವನವರು "ಇಟ್ಕೊಂಡಿರಿ" ಎಂದರೇ ಹೊರತು "ನಿಮಗೇ" ಎನ್ನಲಿಲ್ಲ. ಈ ಎರಡು ಮಾತುಗಳ ನಡುವಿನ ಜಾಗದಲ್ಲಿ ನಾನು ಇಷ್ಟು ವರ್ಷ ಮಲಗುತ್ತಾ ಬಂದಿದ್ದೆ.

ಮಧ್ಯಾಹ್ನ ಊಟ ಮುಗಿಸಿ ಬೆನ್ನನ್ನು ದೋಣಿಯ ತಳಕ್ಕೆ ತಾಗಿಸಿದರೆ ಸಾಕು. ಮೇಲೆ ಎಲೆಗಳು ಅತ್ತಿತ್ತ ಆಡುತ್ತವೆ, ಎಲೆಗಳ ಸಂದಿಯಲ್ಲಿ ಮೋಡ ಹೋಗುತ್ತದೆ. ಸ್ವಲ್ಪ ಹೊತ್ತಿಗೆ, ಹೋಗುತ್ತಿರುವುದು ಮೋಡವಲ್ಲ, ನಾನು ಎನಿಸತೊಡಗುತ್ತದೆ. ಗೇಟು, ಬಟ್ಟೆ ಒಣಗುವ ಹಗ್ಗ, ಎದುರು ಮನೆಯ ಮಹಡಿ ಎಲ್ಲವೂ ಮೆಲ್ಲಗೆ ಹಿಂದಕ್ಕೆ ಸರಿಯುತ್ತವೆ. ಈ ಸುಖ ಹಾಸಿಗೆಯಲ್ಲಿ ಇಲ್ಲ. ಹಾಸಿಗೆಯಲ್ಲಿ ಬಿದ್ದವನನ್ನು ಯಾರಾದರೂ ಎಬ್ಬಿಸುತ್ತಾರೆ. ದೋಣಿಯಲ್ಲಿ ಬಿದ್ದವನನ್ನು ಏನೋ ರಿಪೇರಿ ಮಾಡುತ್ತಿದ್ದಾನೆ ಎಂದು ಬಿಟ್ಟುಬಿಡುತ್ತಾರೆ.

ನನ್ನ ಉದ್ಯೋಗ ಕೆರೆಯ ನೀರಿನ ಮಟ್ಟ ನೋಡುವುದು. ಬೆಳಿಗ್ಗೆ ಹೋಗಿ ನೀರಿನಲ್ಲಿ ನೆಟ್ಟಿರುವ ಅಳತೆಗಂಬವನ್ನು ನೋಡಿ, ಆಫೀಸಿನ ಮುಂದಿನ ಹಲಗೆಯ ಮೇಲೆ ಅಂಕಿ ಬರೆದರೆ ಆಯಿತು. ನೀರನ್ನು ಏರಿಸುವವನೂ ನಾನಲ್ಲ, ಇಳಿಸುವವನೂ ನಾನಲ್ಲ. ಆದರೆ ನಮ್ಮ ಬೀದಿಯವರು ನನ್ನನ್ನು ಕೆರೆಯ ಖಾಸಾ ಕಾರ್ಯದರ್ಶಿ ಎಂಬಂತೆ ನೋಡುತ್ತಾರೆ. ಅದನ್ನು ತಿದ್ದುವ ಗೋಜಿಗೆ ನಾನೂ ಹೋಗಿಲ್ಲ.

ಹೀಗೆ ಎಲ್ಲವೂ ನೆಮ್ಮದಿಯಾಗಿದ್ದಾಗ ಮಾವನವರ ಫೋನು ಬಂತು.

"ಅಳಿಯಂದ್ರೇ, ಭಾನುವಾರ ಬರ್ತಿದೀನಿ," ಎಂದರು. ಮಾವನವರು ನನಗೆ ಬಹುವಚನ ಕೊಡುವುದು ಗೌರವಕ್ಕಲ್ಲ, ದೂರ ಇಡುವುದಕ್ಕೆ. "ದೋಣಿ ಅಂಚಿನ ರಬ್ಬರ್ ಪಟ್ಟಿ ಹೊಸದು ಹಾಕಿ ಅಂತ ಹೋದ ಸಲಾನೇ ಹೇಳಿದ್ದೆ. ಹಾಕಿದ್ರಾ?"

"ಅದೇ ಕೆಲಸದಲ್ಲಿದೀನಿ ಮಾವ."

"ಹಾಕಿಲ್ಲ ಅಂತಾಯ್ತು. ನೋಡಿ, ನಾನು ಬಂದಾಗ ಪಟ್ಟಿ ಸರಿಯಾಗಿರದೇ ಇದ್ರೆ ದೋಣಿ ನಿಮ್ಮ ಷಡ್ಡಕರ ಮನೆಗೆ ಹೋಗುತ್ತೆ. ಇನ್ನೊಂದು ಮಾತು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕೂರಿಸಿ, ಆದ್ರೆ ಎಳೀಬೇಡಿ. ಎಳೆದು ಕೂರಿಸಿದ್ದು ನಿಲ್ಲಲ್ಲ."

ನನ್ನ ಷಡ್ಡಕನಿಗೆ ಗಾಳ ಇದೆ, ಗಾಳದ ಪೆಟ್ಟಿಗೆ ಇದೆ, ಮೈತುಂಬ ಜೇಬಿರುವ ಅಂಗಿ ಇದೆ. ಎಲ್ಲಕ್ಕಿಂತ ಅಪಾಯಕಾರಿಯಾಗಿ, ಉತ್ಸಾಹ ಇದೆ. ಅಂಥವನ ಕೈಗೆ ದೋಣಿ ಹೋದರೆ ಅದರ ತಳದಲ್ಲಿ ಮನುಷ್ಯರು ಮಲಗುವುದಿಲ್ಲ, ಮೀನುಗಳು ಮಲಗುತ್ತವೆ. ನನಗೆ ನಿಜವಾಗಿ ಸಂಕಟವಾಯಿತು. ಬೆಳಗು ಆಫೀಸಿನದು, ಸಂಜೆ ಮನೆಯವರದು. ನನ್ನದು ಅಂತ ಇದ್ದದ್ದು ಆ ಮಧ್ಯಾಹ್ನ ಒಂದೇ.

"ಅಪ್ಪ ಹೇಳಿದ್ರು ಅಂದ್ರೆ ಮುಗೀತು," ಎಂದಳು ನನ್ನಾಕೆ. "ನಾಳೆಯಿಂದ್ಲೇ ಶುರು ಮಾಡಿ. ಮಲಗ್ಕೊಂಡಲ್ಲ, ಎದ್ದು."

ಫೈಬರ್ ದೋಣಿ ಎಂದರೆ ಎರಡು ಚಿಪ್ಪು. ಊಟದ ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೆಳಗಿನದರ ಮೇಲೆ ಮೇಲಿನದು ಕೂತಿರುತ್ತದೆ. ಅವೆರಡೂ ಸೇರುವ ಅಂಚಿನ ಸುತ್ತ ಈ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ದೋಣಿ ಕಲ್ಲಿಗೋ ಕಂಬಕ್ಕೋ ತಾಗಿದರೆ ಪೆಟ್ಟು ಪಟ್ಟಿಗೆ, ದೋಣಿಗಲ್ಲ. ಮನೆಯಲ್ಲಿ ಅಳಿಯನಿರುವುದೂ ಇದೇ ಉದ್ದೇಶಕ್ಕೆ.

ಹಳೆಯ ಪಟ್ಟಿ ಬಿಸಿಲಿಗೆ ಒಣಗಿ ಹಿಡಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಅದರ ಸ್ಕ್ರೂಗಳಲ್ಲಿ ಕೆಲವು ಮರ್ಯಾದೆಯಾಗಿ ಹೊರಬಂದವು, ಕೆಲವು ತಲೆಯನ್ನು ಮಾತ್ರ ಕೊಟ್ಟು ಮೈಯನ್ನು ಒಳಗೇ ಇಟ್ಟುಕೊಂಡವು, ಇನ್ನು ಕೆಲವು ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಿದ್ದವು. ಬೆವರೊರೆಸಿಕೊಳ್ಳುತ್ತಾ ನಿಂತಾಗ ಎದುರು ಮನೆಯ ಮೇಷ್ಟ್ರು ಗೇಟಿನ ಹತ್ತಿರ ಬಂದರು. ಇವರು ರಿಟೈರಾದ ಹೆಡ್ ಮಾಸ್ತರು. ಶಾಲೆ ಇವರನ್ನು ಬಿಟ್ಟಿದೆ, ಇವರು ಶಾಲೆಯನ್ನು ಬಿಟ್ಟಿಲ್ಲ.

"ಏನ್ರೀ ಇದು, ಇಷ್ಟು ವರ್ಷ ಇಲ್ಲದ್ದು? ಅಷ್ಟೊಂದು ಅವಸರ ಏನು?"

ಮಾವನ ಹೆದರಿಕೆ ಎಂದು ಹೇಳಲು ಬಾಯಿ ಬರಲಿಲ್ಲ. ಆಫೀಸಿನ ಗಾಂಭೀರ್ಯವನ್ನು ಮುಖಕ್ಕೆ ತಂದುಕೊಂಡು, "ಭಾನುವಾರದ ಒಳಗೆ ಆಗ್ಲೇಬೇಕು ಮೇಷ್ಟ್ರೇ. ಕಾರಣ ಮಾತ್ರ ಈಗ ಹೇಳೋ ಹಾಗಿಲ್ಲ," ಎಂದೆ.

ಮೇಷ್ಟ್ರು ನನ್ನನ್ನು ನೋಡಿದರು, ದೋಣಿಯನ್ನು ನೋಡಿದರು, ಆಮೇಲೆ ಆಕಾಶವನ್ನು ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ. ಅದರಿಂದ ಅವರ ಅನುಮಾನ ಇನ್ನೂ ಹೆಚ್ಚಾಯಿತು.

ಊಟವಾದ ಮೇಲೆ ಸ್ಕ್ರೂ ತೂತುಗಳಿಗೆ ಅಂಟು ತುಂಬಿದೆ. ಅಂಟು ಒಣಗುವವರೆಗೆ ಏನೂ ಮಾಡುವ ಹಾಗಿಲ್ಲ ಎಂದು ಡಬ್ಬಿಯ ಮೇಲೇ ಬರೆದಿತ್ತು. ನಾನು ಬರೆದದ್ದನ್ನು ಮೀರುವವನಲ್ಲ. ದೋಣಿಯೊಳಗೆ ಮಲಗಿದೆ.

ನೀರು ಬಂತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಬೀದಿಯ ಕೊನೆಯಿಂದ, ಊರಿಗೆ ಬಂದ ನೆಂಟರ ಹಾಗೆ ಮನೆ ಮನೆ ನೋಡಿಕೊಂಡು ಬಂತು. ಇಟ್ಟಿಗೆಗಳು ದೋಣಿಯನ್ನು ಬಿಟ್ಟುಕೊಟ್ಟವು. ತೇಲಿಕೊಂಡು ಗೇಟು ದಾಟಿದೆ. ನಮ್ಮ ಬೀದಿಯ ಟೈಲರ್ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರಿನ ಅಂಚಿಗೆ ಹೊಲಿಗೆ ಹಾಕುತ್ತಿದ್ದ. ಮೇಷ್ಟ್ರು ಶಾಲೆಯ ಬೆಂಚಿನ ಮೇಲೆ ಕೂತು ತೇಲುತ್ತಾ ಹಾಜರಿ ಕೂಗುತ್ತಿದ್ದರು, ಮೀನುಗಳು ತಲೆಯೆತ್ತಿ ಉತ್ತರ ಕೊಡುತ್ತಿದ್ದವು. ಪಕ್ಕದ ಮನೆಯಾಕೆಯ ಅಡುಗೆಮನೆಯ ಕಿಟಕಿಯ ಹತ್ತಿರ ದೋಣಿ ನಿಂತಿತು. ಆಕೆ ಸೌಟು ಹಿಡಿದುಕೊಂಡೇ ಬಗ್ಗಿ, "ನೀರು ಎಲ್ಲೀವರೆಗೆ ಬರುತ್ತೆ?" ಎಂದು ಕೇಳಿದರು.

"ಕಿಟಕೀವರೆಗೆ," ಎಂದೆ.

"ಯಾವತ್ತು?"

"ಭಾನುವಾರ. ಹೆದರ್ಕೋಬೇಡಿ, ದೋಣಿ ಇದೆ."

ಎಚ್ಚರವಾದಾಗ ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ಬಕೀಟು ಇತ್ತು. ಅರ್ಧ ಬಟ್ಟೆ ಹಗ್ಗದ ಮೇಲೆ, ಅರ್ಧ ಬಕೀಟಿನಲ್ಲಿ. ಬಟ್ಟೆ ಹರವುವುದನ್ನು ಅರ್ಧಕ್ಕೆ ಬಿಟ್ಟು ಓಡುವಂಥ ಹೆಂಗಸಲ್ಲ ಆಕೆ. ಹಾಲು ಉಕ್ಕಿರಬೇಕು ಎಂದುಕೊಂಡೆ. ನಿದ್ದೆಯಲ್ಲಿ ನಾನು ಬಾಯಿಬಿಟ್ಟು ಮಾತಾಡುತ್ತೇನೆಂಬುದು ನನ್ನಾಕೆಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಪಕ್ಕದ ಮನೆಯಾಕೆಗೂ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಬೀದಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಟೈಲರ್ ಎರಡು ದಿಂಬು ಹೊಲಿದು ತಂದು ದೋಣಿಯೊಳಗಿಟ್ಟ.

"ಸಾರ್, ಇದ್ರಲ್ಲಿ ಹೊಲಿಗೆ ಮೆಷಿನ್ ಹಿಡಿಸುತ್ತಾ?"

"ದೋಣೀಲಿ ಮೆಷಿನ್ ಯಾಕಪ್ಪಾ?"

"ಜೀವ ಉಳಿದ್ರೆ ಹೊಟ್ಟೆಪಾಡು ಇರುತ್ತಲ್ಲ ಸಾರ್," ಎಂದು ನಿಟ್ಟುಸಿರು ಬಿಟ್ಟ. ದರ್ಜಿಗಳಲ್ಲಿ ಇಂಥ ವೇದಾಂತ ಇರುತ್ತದೆಂದು ನನಗೆ ತಿಳಿದಿರಲಿಲ್ಲ.

ಪಕ್ಕದ ಮನೆಯಾಕೆ ಒಂದು ತಟ್ಟೆ ತಿಂಡಿ ಕೊಟ್ಟು, ಸೆರಗಿನ ತುದಿ ತಿರುಚುತ್ತಾ ನಿಂತರು. "ನಮ್ಮನೇಲಿ ಮೂರು ಜನ. ಅತ್ತೆ ಸೇರಿದ್ರೆ ನಾಲ್ಕು. ಜಾಗ ಸಾಲದಿದ್ರೆ ಅತ್ತೆ ವಿಷ್ಯ ಆಮೇಲೆ ನೋಡೋಣ."

ದೋಣಿ ಸಿದ್ಧವಾದ ಮೇಲೆ ಒಂದು ಸುತ್ತು ಹೋಗಿಬರುವ ಆಸೆ, ಪಾಪ, ಎಂದುಕೊಂಡು "ಹೂಂ" ಎಂದೆ. ಮೇಷ್ಟ್ರು, "ಮುಂದಿನ ಸೀಟು ನಂದು. ನಿಮ್ಮ ಮಗಳಿಗೆ ಲೆಕ್ಕ ಹೇಳ್ಕೊಟ್ಟಿದ್ದು ಯಾರು ಅನ್ನೋದು ನೆನಪಿರ್ಲಿ," ಎಂದರು. ಅವರಿಗೂ "ಹೂಂ" ಎಂದೆ. ತಿಂಡಿ ಚೆನ್ನಾಗಿತ್ತು, ದಿಂಬು ಮೆತ್ತಗಿತ್ತು, ಮಧ್ಯಾಹ್ನದ ಗಾಳಿ ಬೀಸುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಆಸ್ತಿ ಕೇಳಿದ್ದರೂ "ಹೂಂ" ಎನ್ನುತ್ತಿದ್ದೆ.

ಶನಿವಾರ ಪಟ್ಟಿ ಕೂರಿಸುವ ದಿನ. ಹೊಸ ಪಟ್ಟಿ ಅಂಗಡಿಯಿಂದ ಸುರುಳಿಯಾಗಿ ಬಂದಿತ್ತು, ಬಿಚ್ಚಿದರೆ ಮತ್ತೆ ಸುರುಳಿಯಾಗುತ್ತಿತ್ತು. ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ಬಿಸಿನೀರು ಸುರಿದು ಮುಳುಗಿಸಿದೆವು. ಸ್ವಲ್ಪ ಹೊತ್ತಿಗೆ ಅದಕ್ಕೂ ಊಟವಾದವರ ಮೆತ್ತಗಿನ ಲಕ್ಷಣ ಬಂತು. ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ದೋಣಿಯ ಹಿಂಬದಿಯ ನಡುವಿನಲ್ಲಿ ಒಂದು ತುದಿ ಹಿಡಿಯಲು ಒಬ್ಬರು, ಸುರುಳಿ ಹೊತ್ತು ಸುತ್ತಲು ಒಬ್ಬರು, ಒತ್ತಿ ಹಿಡಿಯಲು ಒಬ್ಬರು, ಸ್ಕ್ರೂ ಬಿಗಿಯಲು ಒಬ್ಬರು. ನಾನು ನನ್ನಾಕೆಯ ಮುಖ ನೋಡುವಷ್ಟರಲ್ಲಿ ಇಡೀ ಬೀದಿ ಗೇಟಿನೊಳಗೆ ಬಂದುಬಿಟ್ಟಿತು.

ಮೇಷ್ಟ್ರು ಬಾಗಿಲ ಮೆಟ್ಟಿಲು ಹತ್ತಿ ನಿಂತು ಅಧಿಕಾರ ವಹಿಸಿಕೊಂಡರು. "ಸಾಲಾಗಿ ಬನ್ನಿ! ಎಳೀರಿ!"

"ಎಳೀಬಾರ್ದಂತೆ ಮೇಷ್ಟ್ರೇ," ಎಂದೆ.

"ಸಡಿಲ ಬಿಟ್ರೆ ಅಲೆಗೆ ಕಿತ್ಕೊಂಡು ಹೋಗುತ್ತೆ. ಎಷ್ಟು ಜನರ ಪ್ರಾಣದ ಪ್ರಶ್ನೆ ಗೊತ್ತೇನ್ರೀ? ಎಳೀರಿ!"

ಎಳೆದರು. ಟೈಲರ್ ಎಳೆದ, ಪಕ್ಕದ ಮನೆಯಾಕೆ ಎಳೆದರು, ಯಾರನ್ನು ಆಮೇಲೆ ನೋಡೋಣ ಎಂದಿದ್ದರೋ ಆ ಅತ್ತೆ ಎಲ್ಲರಿಗಿಂತ ಜೋರಾಗಿ ಎಳೆದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳಿಕೊಡುವ ಜನ ದೋಣಿ ಇದ್ದದ್ದಕ್ಕಿಂತ ಉದ್ದ ಪಟ್ಟಿ ಚಾಚಿದರು. ಬಿಸಿಯಾಗಿದ್ದ ಪಟ್ಟಿಯೂ ಯಾರ ಮನಸ್ಸನ್ನೂ ನೋಯಿಸಬಾರದೆಂಬಂತೆ ಚಾಚಿಕೊಂಡಿತು. ಮರದ ನೆರಳಿನಲ್ಲಿ ಅಷ್ಟು ಜನ ಮೆಲ್ಲಗೆ ದೋಣಿಯನ್ನು ಸುತ್ತುವುದನ್ನು ನೋಡುತ್ತಾ ನನಗೆ ಮಂಪರು ಹತ್ತಿತು. ಎಲ್ಲರೂ ನನಗಾಗಿ ಬಂದಿದ್ದಾರಲ್ಲ ಎಂದು ಕಣ್ಣು ತುಂಬಿತು. ಸುತ್ತು ಮುಗಿದಾಗ ಒಂದು ಮೊಳ ಪಟ್ಟಿ ಮಿಕ್ಕಿತು. "ನೋಡಿ, ಉಳಿತಾಯ!" ಎಂದು ಮೇಷ್ಟ್ರು ಅದನ್ನು ಕತ್ತರಿಸಿದರು. ನಮ್ಮ ಬಾಗಿಲಿಗೆ ಬೇಕಿತ್ತು ಎಂದು ಪಕ್ಕದ ಮನೆಯಾಕೆ ಅದನ್ನು ತೆಗೆದುಕೊಂಡು ಹೋದರು.

ಆಗ ಜೀಪು ಬಂತು. ಜೀಪಿನಿಂದ ನಮ್ಮ ಎಂಜಿನಿಯರ್ ಸಾಹೇಬರು ಇಳಿದರು.

"ಏನ್ರೀ, ಇವತ್ತಿನ ಮಟ್ಟ ಎಷ್ಟು?"

"ನಿನ್ನೇದೇ ಸಾರ್. ಮೊನ್ನೇದೂ ಅದೇ."

"ಹಾಗಾದ್ರೆ ಊರೆಲ್ಲಾ ಯಾಕ್ರೀ ಪಾತ್ರೆ ಪಗಡ ಮಹಡಿ ಮೇಲೆ ಸಾಗಿಸ್ತಿದೆ? ಆಫೀಸಿನ ಫೋನು ಕೆಳಗಿಡೋಕೆ ಆಗ್ತಿಲ್ಲ. ಭಾನುವಾರ ಕೆರೆ ಒಡೆಯುತ್ತೆ ಅಂತ ಹೇಳಿದ್ದು ನೀವಂತೆ!"

ನನಗೆ ತಲೆಬುಡ ಗೊತ್ತಾಗಲಿಲ್ಲ. ಸಾಹೇಬರು ನನ್ನ ತೋಳು ಹಿಡಿದು ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ದನಿ ಇಳಿಸಿದರು. "ನೋಡಿ, ಇಷ್ಟು ವರ್ಷ ಕಂಬ ನೋಡಿದೋರು ನೀವು. ಕಂಬ ಹೇಳದ್ದೂ ನಿಮಗೆ ಗೊತ್ತಿರಬಹುದು. ಅಕಸ್ಮಾತ್ ಏನಾದ್ರೂ ಇದ್ರೆ... ಹಿಂದಿನ ಸೀಟು ಖಾಲಿ ಇದೆಯಾ?"

"ಯಾವ ಸೀಟು ಸಾರ್?"

ಪಕ್ಕದ ಮನೆಯಾಕೆ ಮುಂದೆ ಬಂದರು. "ಇವ್ರೇ ಹೇಳಿದ್ದು ಸಾರ್, ನನ್ನ ಕಿವಿಯಾರೆ ಕೇಳಿದೀನಿ. ಭಾನುವಾರ, ಕಿಟಕೀವರೆಗೆ. ಕಣ್ಣು ಮುಚ್ಕೊಂಡು ಧ್ಯಾನದಲ್ಲಿ ನೀರು ಬಂತು ನೀರು ಬಂತು ಅಂತಿದ್ರು, ಎಲ್ಲೀವರೆಗೆ ಅಂತ ಕೇಳಿದ ತಕ್ಷಣ ಹೇಳಿದ್ರು."

"ಅದು ಧ್ಯಾನ ಅಲ್ಲ ರೀ," ಎಂದಳು ನನ್ನಾಕೆ ಟಬ್ಬಿನ ಹತ್ತಿರದಿಂದ. "ಅದು ನಿದ್ದೆ. ಹೋದ ವಾರ ಇದೇ ಧ್ಯಾನದಲ್ಲಿ ನಮ್ಮ ಬೀರುವಿಗೆ ರೈಲು ಟಿಕೆಟ್ ಕೊಡ್ತಿದ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲ್ಲವನ್ನೂ ಹೇಳಲೇಬೇಕಾಯಿತು. ನೀರು ಬರುವುದಿಲ್ಲ, ಭಾನುವಾರ ಬರುವವರು ನನ್ನ ಮಾವ, ದೋಣಿ ಹೋದರೆ ನನಗೆ ಮಲಗಲು ಬೇರೆ ಜಾಗವಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ಅದು ನನಗೇ ಚಿಕ್ಕ ವಿಷಯವಾಗಿ ಕೇಳಿಸಿತು.

"ಅಂದ್ರೆ ನೀವು ಬಿದ್ಕೊಳ್ಳೋದಕ್ಕೆ ನಾವು ಬೆನ್ನು ಮುರ್ಕೊಂಡ್ವಾ?" ಎಂದರು ಮೇಷ್ಟ್ರು. ಟೈಲರ್ ದಿಂಬುಗಳನ್ನು ಕಂಕುಳಲ್ಲಿ ಇಟ್ಟುಕೊಂಡ. ಪ್ರವಾಹ ಬರಲಿಲ್ಲ ಎಂದು ಇಷ್ಟೊಂದು ಜನ ನೊಂದುಕೊಂಡದ್ದನ್ನು ನಾನು ನೋಡಿರಲಿಲ್ಲ. ಸಾಹೇಬರು ಮಾತ್ರ, ತಾವು ಸೀಟು ಕೇಳಿದ್ದು ಮರದ ಆಚೆಗೆ ಕೇಳಿಸಿಲ್ಲ ಎಂದು ಖಚಿತಪಡಿಸಿಕೊಂಡು, ಜೋರಾಗಿ ಬೈದು ಹೋದರು.

ಭಾನುವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ದೋಣಿಯ ಹಿಂಬದಿಯಲ್ಲಿ ಪಟ್ಟಿಯ ಎರಡು ತುದಿಗಳು ಜಗಳವಾಡಿದ ದಂಪತಿಯ ಹಾಗೆ ದೂರ ದೂರ ನಿಂತಿವೆ. ತಂಪಿಗೆ ಪಟ್ಟಿ ಕುಗ್ಗಿತ್ತು. ನಡುವೆ ಸುಮಾರು ಒಂದು ಮೊಳ ಬೋಳು ಅಂಚು. ಸರಿಹೊಂದುವ ತುಂಡು ಇರುವುದು ನನ್ನ ಮುಖ ನೋಡಲೊಲ್ಲದ ಪಕ್ಕದ ಮನೆಯಾಕೆಯ ಹತ್ತಿರ. ಮಾನ ಬಿಟ್ಟು ಹೋಗಿ ಬಾಗಿಲು ತಟ್ಟಿದೆ. ತುಂಡನ್ನು ಅವರು ನೀರು ಒಳಗೆ ಬಾರದಿರಲೆಂದು ಹೊಸಿಲಿಗೆ ಒತ್ತಿ ಕೂರಿಸಿದ್ದರು.

"ನೀರು ಬರಲ್ಲ ಅಂತ ಎಚ್ಚರವಾಗಿದ್ದು ಹೇಳಿ," ಎಂದರು.

"ಬರಲ್ಲ ಕಣ್ರೀ."

"ಕಣ್ಣು ಪೂರ್ತಿ ಬಿಟ್ಟು ಹೇಳಿ."

ಕಣ್ಣುಗುಡ್ಡೆ ಹೊರಬರುವ ಹಾಗೆ ಬಿಟ್ಟು, "ಬರಲ್ಲ," ಎಂದೆ. ಆಗ ಅವರ ಅತ್ತೆ ಬಗ್ಗಿ ತುಂಡನ್ನು ಕಿತ್ತುಕೊಟ್ಟರು.

ಅದನ್ನು ಹಿಡಿದುಕೊಂಡು ಓಡಿಬರುವಷ್ಟರಲ್ಲಿ ಮಾವನವರು ಅಂಗಳದಲ್ಲಿ ನಿಂತಿದ್ದರು. ಜೊತೆಗೆ, ದೋಣಿ ಸಾಗಿಸುವುದಕ್ಕೆಂದು ಸಿದ್ಧನಾಗಿ, ಜೇಬುಗಳ ಅಂಗಿ ತೊಟ್ಟ ಷಡ್ಡಕ. ಮಾವನವರು ಪಟ್ಟಿಯ ಮೇಲೆ ಅಂಗೈ ಇಟ್ಟು ದೋಣಿಯ ಮೂತಿಯಿಂದ ಶುರುಮಾಡಿ ಸುತ್ತುತ್ತಾ ಬಂದರು. ಕಾಂಪೌಂಡಿನ ಆಚೆ ಬೀದಿಯವರೆಲ್ಲ ಸಾಲಾಗಿ ನಿಂತಿದ್ದರು. ಕೋಪವೇನೋ ಇತ್ತು, ಆದರೆ ನೋಡದೆ ಇರುವಷ್ಟು ಕೋಪ ಯಾರಿಗೂ ಇರಲಿಲ್ಲ. ಅಂಗೈ ಬೋಳು ಜಾಗಕ್ಕೆ ಬಂದು ನಿಂತಿತು.

"ಎಳೆದ್ರಾ?"

"ಊರೇ ಎಳೀತು ಮಾವ," ಎಂದೆ.

"ಎಳೀರಿ ಅಂದೋನು ನಾನು," ಎಂಬ ದನಿ ಕಾಂಪೌಂಡಿನ ಆಚೆಯಿಂದ ಬಂತು. ಮೇಷ್ಟ್ರು. ಜೀವಮಾನದಲ್ಲಿ ತಪ್ಪೊಪ್ಪಿಗೆ ಬರೆಸಿದವರೇ ಹೊರತು ಬರೆದವರಲ್ಲ ಅವರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು.

ಮಾವನವರು ನನ್ನ ಕೈಯಿಂದ ತುಂಡನ್ನು ತೆಗೆದುಕೊಂಡು ಬೋಳು ಜಾಗದಲ್ಲಿ ಒತ್ತಿದರು. ಅದು ಮುಚ್ಚಳದ ಹಾಗೆ ಕೂತಿತು. ತಾವೇ ಸ್ಕ್ರೂ ಬಿಗಿದು, "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಇಳಿಸಿ, ನೋಡೋಣ," ಎಂದರು.

ಇಳಿಸುವ ಮಾತು ಬಂದ ಕೂಡಲೇ ಬೀದಿ ಕೋಪ ಮರೆಯಿತು. ತರಕಾರಿಯವನ ತಳ್ಳುಗಾಡಿ ಬಂತು, ಎಲ್ಲರೂ ಕೈಹಾಕಿದರು, ಟೈಲರ್ ಮತ್ತೆ ದಿಂಬು ತಂದ. ದೋಣಿ ಬೀದಿಯಲ್ಲಿ, ನನ್ನ ಕನಸಿನಲ್ಲಿ ಹೋದ ದಾರಿಯಲ್ಲೇ, ಕಿಟಕಿಗಳ ಪಕ್ಕದಲ್ಲಿ ಮೆಲ್ಲಗೆ ಹೋಯಿತು. ಕೆರೆಯ ಮೆಟ್ಟಿಲ ಹತ್ತಿರ ಅದನ್ನು ನೀರಿಗೆ ಬಿಟ್ಟಾಗ ಷಡ್ಡಕ ಗಾಳ ಹಿಡಿದು ಕಾಲು ಮುಂದಿಟ್ಟ.

"ನೀವಲ್ಲ," ಎಂದರು ಮಾವನವರು. "ಇವರು."

ಈಜು ಬಾರದ ನಾನು ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತಿದೆ. ಮಾವನವರು ಹುಟ್ಟು ಹಾಕಿ ದೋಣಿಯನ್ನು ಮೆಟ್ಟಿಲ ಪಕ್ಕದ ನೆರಳಿಗೆ ತಂದರು. ಹಗ್ಗವನ್ನು ಕಲ್ಲಿಗೆ ಕಟ್ಟಿದರು. ಒಂದು ದಿಂಬು ನನ್ನ ಕಡೆ ಎಸೆದರು. ಇನ್ನೊಂದನ್ನು ತಲೆಯಡಿ ಇಟ್ಟುಕೊಂಡು, ಉದ್ದಕ್ಕೆ ಮಲಗಿಬಿಟ್ಟರು.

"ಮಾವ, ಪರೀಕ್ಷೆ?"

"ಅದೇ ಮಾಡ್ತಿರೋದು. ಮಲಕ್ಕೋ."

ಮದುವೆಯಾದ ಮೇಲೆ ಮೊದಲ ಸಲ ಏಕವಚನ. ನಾನು ಮಲಗಿದೆ. ಗಾಳಿಗೆ ದೋಣಿ ಸರಿದು ಕಲ್ಲಿನ ಮೆಟ್ಟಿಲಿಗೆ ತಾಗಿತು. ಬೆಕ್ಕು ನೆಲಕ್ಕೆ ಧುಮುಕಿದಷ್ಟೂ ಸದ್ದಾಗಲಿಲ್ಲ.

"ಹಾಂ," ಎಂದರು ಮಾವನವರು ಕಣ್ಣು ಮುಚ್ಚಿಕೊಂಡೇ. "ಹಳೇ ಪಟ್ಟಿ ಹರಿದ ಮೇಲೆ, ತಾಗಿದಾಗೆಲ್ಲಾ ಟಣ್ ಅಂತಿತ್ತು. ಎಚ್ಚರ ಆಗ್ಬಿಡ್ತಿತ್ತು. ವರ್ಷಗಟ್ಟಲೆ ಇದರಲ್ಲಿ ಮಲಗಿದೀನಿ ಕಣೋ. ಒಂದು ಮೀನೂ ಹಿಡಿದೋನಲ್ಲ. ಮನೆಗೆ ಹೋಗ್ತಾ ಮಾರ್ಕೆಟ್ಟಲ್ಲಿ ತಗೊಂಡು ಹೋಗ್ತಿದ್ದೆ. ನಿಮ್ಮತ್ತೆ ಮುಂದೆ ಬಾಯಿ ಬಿಡಬೇಡ."

"ಮತ್ತೆ ದೋಣಿ, ಷಡ್ಡಕರಿಗೆ...?"

"ಅವನಿಗೆ ಕೊಟ್ರೆ ಮೀನು ಹಿಡೀತಾನೆ," ಎಂದರು ಮಾವನವರು, ದುಃಖದಿಂದ. "ಇಟ್ಕೋ. ನಿನಗೇ."

ಏನಾದರೂ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಮೋಡಗಳು ಹೊರಟವು. ಆಮೇಲಿನದನ್ನು ನನ್ನಾಕೆ ಹೇಳಿದ್ದು. ದಡದಿಂದ ಪಕ್ಕದ ಮನೆಯಾಕೆ, "ಸಾರ್, ನೀರು ಎಲ್ಲೀವರೆಗೆ ಬರುತ್ತೆ?" ಎಂದು ಕೂಗಿದರಂತೆ. ನಾನು ಕಣ್ಣು ಮುಚ್ಚಿಕೊಂಡೇ, "ಕಿಟಕೀವರೆಗೆ," ಎಂದೆನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ.

ಆದರೆ ಆ ದಿನ ಸಂಜೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಎಂಜಿನಿಯರ್ ಸಾಹೇಬರು ಜೀಪು ನಿಲ್ಲಿಸಿ, ಆ ರಬ್ಬರ್ ಪಟ್ಟಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದರು.